ಕೂಸಿನ ಮೂಗಿಗೆ ಬಿಟ್ಟ ಹನಿ

ಹೋದ ಮಳೆಗಾಲದಲ್ಲಿ ಮಡಗಾಂವ್ ಸ್ಟೇಷನ್ನಿನ ಹೊರಗೆ ಒಬ್ಬ ಔಷಧಿ ಅಂಗಡಿಯವನ ಜೊತೆ ಜಗಳ ಮಾಡಿದೆ. ಈ ವಯಸ್ಸಿನಲ್ಲಿ ನಿನಗೆ ಬೇಕಿತ್ತೇ ಎಂದು ಜೊತೆಗಿದ್ದ ಮಗಳು ನನ್ನ ತೋಳು ಜಗ್ಗುತ್ತಲೇ ಇದ್ದಳು. ಬೇಕಿತ್ತು. ನಮ್ಮ ಮುಂದೆ ನಿಂತಿದ್ದ ಹೆಂಗಸಿನ ಬಗಲಲ್ಲಿ ಹಸುಗೂಸು. ಮೂಗು ಕಟ್ಟಿಕೊಂಡು ಅದು ಉಸಿರಿಗೆ ಒದ್ದಾಡುತ್ತಿತ್ತು. "ನಾಕ್ ಬಂದ್ ಹೈ, ಕುಛ್ ದೇ ದೋ" ಎಂದು ಆಕೆ ಕೇಳಿದಳು. ಅಂಗಡಿಯವನು ಕೂಸಿನ ಕಡೆ ಕಣ್ಣೆತ್ತಿಯೂ ನೋಡದೆ ಹಿಂದಿನ ಕಪಾಟಿಗೆ ಕೈಹಾಕಿ, ದೊಡ್ಡವರು ನೆಗಡಿಗೆ ಬಿಟ್ಟುಕೊಳ್ಳುವ ಮೂಗಿನ ಹನಿಯ ಬಾಟಲಿ ತೆಗೆದು ಅವಳ ಮುಂದಿಟ್ಟ.

"ಇದು ಯಾರಿಗೆ ಅಂತ ಕೇಳಿದೆಯೇನಪ್ಪಾ?" ಎಂದೆ. ಅವನಿಗೆ ಕನ್ನಡ ಬರುತ್ತಿತ್ತು, ಬೆಳಗಾವಿ ಕಡೆಯವನಿರಬೇಕು.

"ಮೂಗಿಗೆ ಬಿಡೂದ್ರಿ ಬಾಯಾರ, ಹೊಟ್ಟಿಗೇನ್ ಹಾಕಾಂಗಿಲ್ಲ. ಏನಾಗತೈತಿ?" ಎಂದ.

ಏನಾಗುತ್ತದೆ ಎಂದು ಹೇಳಿದೆ. ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳುವಂತೆ ಹೇಳಿದೆ. ಹೆದರಿ ಹೊರಟ ಹೆಂಗಸನ್ನು ನಿಲ್ಲಿಸಿ, ಕೂಸುಗಳಿಗೆ ನಡೆಯುವ ಬರೀ ಉಪ್ಪುನೀರಿನ ಹನಿ ಕೊಡಿಸಿ ಕಳಿಸಿದೆ. ರೈಲಿನಲ್ಲಿ ಕೂತ ಮೇಲೂ ಮೈಯ ಉರಿ ಇಳಿಯಲಿಲ್ಲ. ಇಷ್ಟು ವರ್ಷಗಳಾದರೂ ಅದೇ ಮಾತು, ಅದೇ ಉಡಾಫೆ. ಮಗಳು "ಯಾಕಮ್ಮಾ ಇಷ್ಟೊಂದು?" ಎಂದು ಕೇಳಿದಳು. ಅವಳು ಹುಟ್ಟುವ ಮೊದಲಿನ ಒಂದು ಮಳೆಗಾಲದ ಸುದ್ದಿ ಅದು. ಕಾರವಾರ ಬರುವತನಕ ಅವಳಿಗೆ ಹೇಳಿದೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಎಂಬತ್ತರ ದಶಕದ ಕೊನೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನನಗೆ ಪಣಜಿಯ ಕಡೆ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಪಣಜಿಯಲ್ಲಿ ಬಾಡಿಗೆ ಕೈಗೆಟುಕದೆ ಹೊಳೆಯ ಈಚೆ ಪರ್ವರಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮಾಂಡವಿ ಹೊಳೆಯ ಸೇತುವೆ ಕುಸಿದು ಬಿದ್ದ ಕಾಲ ಅದು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೊಳೆದಂಡೆಯ ಬೇತಿಗೆ ಇಳಿದು, ಫೆರ್ರಿ ಹತ್ತಿ, ಮೀನಿನ ಬುಟ್ಟಿ ಮತ್ತು ಸ್ಕೂಟರುಗಳ ನಡುವೆ ಕೊಡೆ ಹಿಡಿದು ನಿಂತು ಹೊಳೆ ದಾಟಬೇಕು. ಮಳೆ ಜೋರಾದರೆ ಫೆರ್ರಿಯೂ ಇಲ್ಲ.

ಆಗ ಪರ್ವರಿಯ ತುಂಬ ಹೊಸ ಮನೆಗಳು ಏಳುತ್ತಿದ್ದವು. ನನ್ನ ಕೋಣೆಯ ಪಕ್ಕದಲ್ಲೇ ಒಂದು ಕಟ್ಟಡದ ಅಸ್ಥಿಪಂಜರ, ಅದರ ಬುಡದಲ್ಲಿ ಕೂಲಿಯವರ ತಗಡಿನ ಶೆಡ್ಡುಗಳು. ಅಲ್ಲಿಂದ ನಮ್ಮ ಭಾಷೆ ಕೇಳಿಬಂದದ್ದೇ ನನಗೆ ಜೀವ ಬಂದಂತಾಗಿತ್ತು. ವಿಜಯಪುರದ ಕಡೆಯವರು. ಗಾರೆ ಕೆಲಸದ ಹಣಮಂತ, ಅವನ ಹೆಂಡತಿ ರೇಣವ್ವ, ಅವನ ತಾಯಿ ಗಂಗವ್ವ. ರೇಣವ್ವನಿಗೆ ಇಪ್ಪತ್ತೂ ದಾಟಿರಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ಅವಳಿಗೆ ತಾಯಿ ಇರಲಿಲ್ಲ. ಹಾಗಾಗಿ ಅತ್ತೆಯೇ ತಾಯಾಗಿ ನಿಂತು ಆ ತಗಡಿನ ಕೆಳಗೇ ಬಾಣಂತನ ಮಾಡುತ್ತಿದ್ದಳು. ಹುಟ್ಟಿದ್ದು ಹೆಣ್ಣು. ಮಳೆ ಹೊಳವಾದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದು ಮುಂದಕ್ಕೆ ಹಾಕಿದ್ದರು.

ಗಂಗವ್ವನ ಬಾಣಂತನ ಶಿಸ್ತಿನದು. ಮೂರು ಇಟ್ಟಂಗಿಯ ಒಲೆಯ ಮೇಲೆ ನೀರು ಕಾಯಿಸಿ, ಕಾಲು ಚಾಚಿ ಕೂತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು. ಆಮೇಲೆ ಕೆಂಡಕ್ಕೆ ಅಜವಾನ ಉದುರಿಸಿ ಹೊಗೆ ಕೊಡುವುದು. ನೆತ್ತಿಗೆ ಎಣ್ಣೆ ಒತ್ತುವುದು, ಕಿವಿಗೆ ಎಣ್ಣೆ, ಕೊನೆಗೆ ಮೂಗಿಗೆ ಎಣ್ಣೆ. ಬಜೆಯ ಬೇರು, ಜಾಯಿಕಾಯಿ ತೇಯ್ದ ಗುಟ್ಟಿಯನ್ನು ಬೆರಳ ತುದಿಯಿಂದ ನಾಲಿಗೆಗೆ ನೆಕ್ಕಿಸುವುದು. ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಕೂಸು ಹೊಗೆ ಕುಡಿದು ಕಿರುಚುತ್ತಿತ್ತು. ಆ ಕಿರುಚಾಟ ಕೇಳಿದರೆ ಬಸ್ಸಿಗೆ ಹೊತ್ತಾಯಿತೆಂದು ಅರ್ಥ.

ಇನ್ನು ನನ್ನ ಕೆಲಸ. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಪ್ರೊಫೆಸರು ಆಗಷ್ಟೇ ಹುಟ್ಟಿದ ಪ್ರಾಣಿಗಳ ಹೃದಯದ ಬಡಿತವನ್ನು ಅಭ್ಯಾಸ ಮಾಡುತ್ತಿದ್ದರು. ಹೆದರಿದಾಗ, ಓಡಿದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ರಸ ಹರಿದು ಎದೆ ಡವಗುಟ್ಟುತ್ತದಲ್ಲ, ಅದು ಎಲ್ಲರಿಗೂ ಗೊತ್ತು. ಆ ರಸ ಬಂದು ಹಿಡಿದುಕೊಳ್ಳಲೆಂದೇ ಜೀವಕೋಶಗಳ ಮೇಲೆ ಹಿಡಿಕೆಗಳಿರುತ್ತವೆ. ರಿಸೆಪ್ಟರ್ ಎಂದು ಅವುಗಳ ಹೆಸರು. ಬೀಟಾ ಎನ್ನುವ ಜಾತಿಯವು ಹೃದಯದಲ್ಲೇ ಇವೆ, ಅವನ್ನು ಹಿಡಿದರೆ ಹೃದಯ ಓಡುತ್ತದೆ. ಆಲ್ಫಾ ಎನ್ನುವ ಜಾತಿಯವು ರಕ್ತನಾಳಗಳಲ್ಲಿವೆ, ಅವನ್ನು ಹಿಡಿದರೆ ನಾಳ ಬಿಗಿಯುತ್ತದೆ. ಅದೇ ಆಲ್ಫಾ ಬಳಗದ ಕೆಲವು ಮಿದುಳಿನ ಬುಡದಲ್ಲೂ ಇವೆ. ಅವನ್ನು ಹಿಡಿದರೆ ಮಿದುಳು ಹೃದಯಕ್ಕೆ ಕೊಡುವ ಹುರುಪನ್ನು ಕಡಿಮೆ ಮಾಡುತ್ತದೆ. ಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ನಿದ್ದೆ ಕವಿಯುತ್ತದೆ.

ಹುಟ್ಟಿದ ಮರಿಯಲ್ಲಿ ಈ ಹಿಡಿಕೆಗಳೆಲ್ಲ ಸಿದ್ಧವಾಗಿಯೇ ಬಂದಿರುತ್ತವೆ. ಆದರೆ ಹೃದಯಕ್ಕೆ ಬಂದು ಸೇರಬೇಕಾದ ನರಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಮನೆಗೆ ಬಾಗಿಲು ಕೂರಿಸಿಯಾಗಿದೆ, ಕಾಯುವವನು ಇನ್ನೂ ಬಂದಿಲ್ಲ. ಹೊರಗಿನಿಂದ ಔಷಧಿ ಬಂದು ತಳ್ಳಿದರೆ ತಡೆಯುವವರಿಲ್ಲ. ದೊಡ್ಡ ಪ್ರಾಣಿ ತಾಳಿಕೊಂಡು ಸರಿಪಡಿಸಿಕೊಳ್ಳುವ ಔಷಧಿಯನ್ನು ಮರಿಯ ಮೈ ತಾಳಿಕೊಳ್ಳುವುದಿಲ್ಲ.

ನಮ್ಮಲ್ಲಿದ್ದದ್ದು ಮೊಲಗಳು. ಈಗಷ್ಟೇ ಹುಟ್ಟಿದ ಮೊಲದ ಮರಿಗೆ ಕೂದಲಿರುವುದಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ತಾಯಿ ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿದ ಗೂಡಿನಿಂದ ಅವನ್ನು ಎತ್ತಿಕೊಂಡು ಬಂದು, ಬಲ್ಬಿನ ಶಾಖದಲ್ಲಿಟ್ಟು, ಸಣ್ಣ ಸೂಜಿಗಳನ್ನು ಸಿಕ್ಕಿಸಿ, ಔಷಧಿ ಚುಚ್ಚಿ, ಬಡಿತವನ್ನು ಕಾಗದದ ಮೇಲೆ ಗೀಚುವ ಯಂತ್ರದ ಮುಂದೆ ಕೂರುವುದು ನನ್ನ ಪಾಲಿನ ಕೆಲಸ. ಇರುವೆ ಸತ್ತರೂ ಅಯ್ಯೋ ಎನ್ನುವ ಮನೆಯಿಂದ ಬಂದವಳು ನಾನು. ಮನೆಗೆ ಬರೆದ ಪತ್ರಗಳಲ್ಲಿ ಮೊಲಗಳಿಗೆ ಹುಲ್ಲು ಹಾಕುತ್ತೇನೆ ಎಂದಷ್ಟೇ ಬರೆಯುತ್ತಿದ್ದೆ. ಇದರಿಂದ ನಾಳೆ ಯಾವುದಾದರೂ ಕೂಸಿಗೆ ಒಳ್ಳೆಯದಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸೂಜಿ ಹಿಡಿಯುತ್ತಿದ್ದೆ.

ಆ ಮಳೆಗಾಲದ ಆರಂಭದಲ್ಲಿ ಪ್ರೊಫೆಸರು ಮಿದುಳಿನ ಆಲ್ಫಾ ಹಿಡಿಕೆಗಳನ್ನು ಹಿಡಿಯುವ ಔಷಧಿಗಳನ್ನು ಕೊಟ್ಟರು. ಅವುಗಳಲ್ಲೊಂದು, ನೆಗಡಿಗೆ ಮೂಗಿಗೆ ಬಿಟ್ಟುಕೊಳ್ಳುವ ಹನಿಯಲ್ಲಿರುವ ಮದ್ದು. ಔಷಧಿ ಹೊಕ್ಕ ಸ್ವಲ್ಪ ಹೊತ್ತಿಗೆ ಮರಿಗಳು ಜೋಲು ಬೀಳತೊಡಗಿದವು. ಗೀಚುವ ಮುಳ್ಳು ಇದ್ದಕ್ಕಿದ್ದಂತೆ ಸೋಮಾರಿಯಾಯಿತು. ಬಲ್ಬಿನ ಕೆಳಗಿದ್ದರೂ ಮೈ ತಣ್ಣಗೆ. ಗೂಡಿಗೆ ಬಿಟ್ಟರೆ ಮೊಲೆ ಹಿಡಿಯುವುದಿಲ್ಲ. ಕೆಲವು ಸತ್ತವು.

ಪ್ರೊಫೆಸರು ನನ್ನನ್ನು ಬೈದರು. "ನೀನು ಮರಿಗಳನ್ನು ತಣ್ಣಗಾಗಲು ಬಿಟ್ಟಿದ್ದೀಯ. ತಂಡಿಗೆ ಹೃದಯ ನಿಧಾನವಾಗಿದೆ. ಇದು ಔಷಧಿಯ ಗುಣವಲ್ಲ, ನಿನ್ನ ಕೈಯ ಗುಣ" ಎಂದರು. ನಿನ್ನ ಕೈಯ ಗುಣವಂತೆ! ಹಟ ಹಿಡಿದೆ. ಒಂದೇ ಗೂಡಿನ ಮರಿಗಳು, ಒಂದೇ ಬಲ್ಬು, ಒಂದೇ ಹೊತ್ತು. ಅರ್ಧಕ್ಕೆ ಔಷಧಿ, ಅರ್ಧಕ್ಕೆ ಬರೀ ನೀರು. ನೀರಿನ ಮರಿಗಳು ಬೆಚ್ಚಗೆ ಮಿಸುಕಾಡಿಕೊಂಡಿದ್ದವು. ಔಷಧಿಯ ಮರಿಗಳು ಮಾತ್ರ ಜೋತುಬಿದ್ದವು. ಅಂಥ ಪ್ರಯೋಗವನ್ನು ಪ್ರೊಫೆಸರ ಕಣ್ಣೆದುರೇ ಮತ್ತೆ ಮತ್ತೆ ಮಾಡಿ ತೋರಿಸಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು, "ಇದು ನಾವು ಕಂಡುಕೊಂಡ ಮುಖ್ಯ ವಿಷಯ" ಎಂದರು. ನಾವು! ಬೈಯುವಾಗ ನೀನು, ಹೆಸರು ಬರುವಾಗ ನಾವು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಇದಾಗಿ ಕೆಲವೇ ದಿನಗಳಲ್ಲಿ ಆ ಬೆಳಗು ಬಂತು. ಹಿಂದಿನ ದಿನದಿಂದಲೂ ಹಿಡಿದ ಮಳೆ. ಕೋಣೆಗೆ ಬೀಗ ಹಾಕುತ್ತಿದ್ದಾಗ ಏನೋ ಕಡಿಮೆ ಬಿದ್ದಂತೆ ಅನ್ನಿಸಿತು. ಕೂಸು ಕಿರುಚಿರಲಿಲ್ಲ. ಅಷ್ಟರಲ್ಲಿ ರೇಣವ್ವ ಶೆಡ್ಡಿನಿಂದ ಓಡಿ ಬಂದಳು.

"ಅಕ್ಕಾರ, ಸ್ವಲ್ಪ ನೋಡಬರ್ರಿ. ಕೂಸು ಅಳವಲ್ದು. ಹೊಗಿ ಹಾಕಿದ್ರೂ ಅಳವಲ್ದು. ಹಾಲೂ ಹಿಡಿವಲ್ದು."

ಗಂಗವ್ವನ ಕಾಲ ಮೇಲೆ ಕೂಸು ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಅಂಗಾಲು ಮುಟ್ಟಿದರೆ ತಣ್ಣಗೆ. ಎದೆಯ ಮೇಲೆ ಎರಡು ಬೆರಳಿಟ್ಟೆ. ದಿನಾ ಮರಿಗಳ ಎದೆ ಮುಟ್ಟಿ ಅಭ್ಯಾಸವಾದ ಬೆರಳು. ಹಸುಗೂಸಿನ ಎದೆ ಹಕ್ಕಿಯ ಎದೆಯ ಹಾಗೆ ಪಟಪಟ ಬಡಿಯಬೇಕು. ಇದು ದೊಡ್ಡವರ ಎದೆಗಿಂತಲೂ ನಿಧಾನವಾಗಿ ತಡೆತಡೆದು ಬಡಿಯುತ್ತಿತ್ತು. ತಗಡಿನ ಮನೆ, ಮಳೆ, ತಂಡಿ ಹತ್ತಿರಬೇಕು ಎಂದೇ ಮೊದಲು ನನಗೂ ತೋರಿತು. ನನ್ನ ಶಾಲಿನಲ್ಲಿ ಸುತ್ತಿ, ರಿಕ್ಷಾ ಹಿಡಿದು, ಪರ್ವರಿಯ ಇಳಿಜಾರಿನಲ್ಲಿದ್ದ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಆಸ್ಪತ್ರೆ ಈಗಿಲ್ಲ. ಅದರ ಹೆಸರೂ ಬೇಡ. ಹಣಮಂತ ಕಾಂಕ್ರೀಟ್ ಕೆಲಸಕ್ಕೆಂದು ಬೇರೆ ಕಡೆ ಹೋಗಿದ್ದ.

ಡಾಕ್ಟರು ಚುರುಕಿನವರೇ. ಅದನ್ನು ಅಲ್ಲಗಳೆಯುವುದಿಲ್ಲ. ಕೂಸನ್ನು ಬೆಚ್ಚಗಿಟ್ಟು, ಮೂಗಿಗೆ ಆಮ್ಲಜನಕದ ನಳಿಕೆ ಹಿಡಿಸಿದರು. ಎದೆ ಆಲಿಸಿದರು. ರೆಪ್ಪೆ ಬಿಡಿಸಿ ಬ್ಯಾಟರಿ ಬಿಟ್ಟು ಕಣ್ಣಿನ ಪಾಪೆ ನೋಡಿದರು. ನೋಡಿದವರು ತಿರುಗಿ ರೇಣವ್ವನಿಗೆ ಹಿಂದಿಯಲ್ಲಿ, "ಏನು ಕೊಟ್ಟೆ ಇದಕ್ಕೆ?" ಎಂದರು.

"ಏನೂ ಕೊಟ್ಟಿಲ್ರಿ ಸಾಹೇಬ್ರ. ಎದಿಹಾಲು, ಮತ್ತ ಒಂಚೂರು ಗುಟ್ಟಿ" ಎಂದಳು ರೇಣವ್ವ, ತನಗೆ ಬಂದಷ್ಟು ಹಿಂದಿ ಬೆರೆಸಿ.

ಗುಟ್ಟಿ ಎಂಬ ಒಂದು ಮಾತು ಸಾಕಾಯಿತು. ಡಾಕ್ಟರು ನರ್ಸಿನ ಕಡೆ ತಿರುಗಿ, "ಹೀಂ ಘಾಟಿ ಸಗ್ಳಿಂ ಅಶೆಂಚ್ ಕರ್ತಾತ್" ಎಂದರು. ಈ ಘಾಟಿಗಳೆಲ್ಲ ಮಾಡುವುದೇ ಹೀಗೆ ಎಂದು. ಘಟ್ಟದ ಮೇಲಿನಿಂದ ದುಡಿಯಲು ಬಂದ ನಮ್ಮವರಿಗೆ ಅಲ್ಲಿ ಇದ್ದ ಹೆಸರು ಅದು. ಆಮೇಲೆ ನನಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ಕೂಸು ಅಳದೆ ಮಲಗಲಿ, ತಾಯಿ ನಿಶ್ಚಿಂತೆಯಿಂದ ಕೂಲಿಗೆ ಹೋಗಲಿ ಎಂದು ಇವರು ಕೂಸಿಗೆ ಅಫೀಮು ತಿನ್ನಿಸುತ್ತಾರೆ. ತೂಕಡಿಕೆ, ತಣ್ಣನೆಯ ಮೈ, ನಿಧಾನದ ಹೃದಯ, ಸೂಜಿಮೊನೆಯಷ್ಟಾದ ಪಾಪೆ, ಎಲ್ಲವೂ ಅಫೀಮಿನ ಲಕ್ಷಣವೇ.

"ಕೂಸಿನ ಹೆಸರೇನು?" ಎಂದು ಕೇಳಿದರು.

"ಇನ್ನೂ ಇಟ್ಟಿಲ್ರಿ."

"ನೋಡಿದಿರಾ? ಹೆಸರಿಡುವಷ್ಟೂ ಅಕ್ಕರೆ ಇಲ್ಲ" ಎಂದರು ನನಗೆ. ನನ್ನ ಕಿವಿ ಕಾದುಹೋಯಿತು. ತೊಟ್ಟಿಲ ಶಾಸ್ತ್ರವನ್ನು ಅವರಿಗೆ ವಿವರಿಸಹೊರಟರೆ ಅವರು ಕೈಯೆತ್ತಿ ತಡೆದರು. ಸಂಜೆ ಪೊಲೀಸ್ ಚೌಕಿಯಿಂದ ಜನ ಬರುತ್ತಾರೆ. ತಾಯಿಯೂ ಅಫೀಮು ತಿನ್ನುತ್ತಿರಬಹುದು, ಹಾಲಿನಲ್ಲೂ ಅದು ಇಳಿಯುತ್ತದೆ. ಅಲ್ಲಿಯವರೆಗೆ ಅವಳು ಕೂಸಿಗೆ ಮೊಲೆ ಕೊಡಕೂಡದು, ಒಳಗೂ ಬರಕೂಡದು. ಕೂಸು ಉಳಿದರೆ ಅದನ್ನು ಇವಳ ಕೈಗೆ ಕೊಡಬೇಕೋ ಅನಾಥಾಲಯಕ್ಕೆ ಕಳಿಸಬೇಕೋ ಎಂಬುದು ಮುಂದಿನ ಮಾತು.

ಅದನ್ನು ನಾನೇ ಕನ್ನಡದಲ್ಲಿ ರೇಣವ್ವನಿಗೆ ಹೇಳಬೇಕಾಯಿತು. ಆಸ್ಪತ್ರೆಯ ಜಗಲಿಯಲ್ಲಿ ಗೋಡೆಗೆ ಆತು ಕೂತಿದ್ದಳು. ಅಳಲಿಲ್ಲ. "ಅಕ್ಕಾರ, ಅಫೀಮು ಅಂದ್ರ ಹೆಂಗಿರ್ತೈತಿ ಅಂತಾನ ನಾ ಕಂಡಿಲ್ಲ. ನನ್ನ ಕೂಸಿಗೆ ನಾ ಯಾಕ ಕೊಡ್ಲಿ? ಒಳಗ ಹೋಗಿ ಹೇಳ್ರಿ" ಎಂದಳು. ಹಾಲು ಬಿಗಿದು ಕುಪ್ಪಸದ ಮುಂಭಾಗವೆಲ್ಲ ಒದ್ದೆಯಾಗಿತ್ತು. ಸೆರಗನ್ನು ಮುದ್ದೆ ಮಾಡಿ ಎದೆಗೆ ಒತ್ತಿಹಿಡಿದು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರ ಬಗ್ಗೆ ಕೇಳಿದ್ದೆ. ಇಲ್ಲಿ ಎತ್ತು ಈಯಿತು ಎಂದವರೂ ಅವರೇ, ಕಟ್ಟಿದವರೂ ಅವರೇ.

ಗಂಗವ್ವ ಪಕ್ಕದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳ ಕೈ ಹಿಡಿದು ಕೇಳಿದೆ. "ಆಯಿ, ಮುಂಜಾನೆಯಿಂದ ಕೂಸಿಗೆ ಏನೇನು ಮಾಡಿದಿ ಅಂತ ಬಿಡಿಸಿ ಹೇಳು."

"ಏನ್ ಮಾಡ್ಲಿ ಯವ್ವಾ, ದಿನಾ ಮಾಡೂದನ್ನ ಮಾಡೇನಿ. ಎಣ್ಣಿ ಹಚ್ಚಿ ನೀರ ಹಾಕಿದೆ. ಹೊಗಿ ಹಾಕಿದೆ. ಮೂಗು ಭಾಳ ಕಟ್ಟಿತ್ತು ನೋಡು, ನಿನ್ನಿಯಿಂದ ಎಣ್ಣಿಗೆ ಬಗ್ಗವಲ್ದು. ಅದಕ್ಕ ಹಣಮಂತಂದು ಇತ್ತಲ್ಲ, ಸಿಮೆಂಟಿನ ಧೂಳಿಗೆ ನೆಗಡಿ ಆಗೇತಿ ಅಂತ ತಂದಿದ್ದ ಬಾಟ್ಲಿ, ಅದನ್ನ ಬಿಟ್ಟೆ. ನಿನ್ನಿ ಸಂಜಿಮುಂದನೂ ಬಿಟ್ಟಿದ್ದೆ, ಈಗ ಮುಂಜಾನೆನೂ ಬಿಟ್ಟೆ."

"ಎಷ್ಟು ಬಿಟ್ಟಿ?"

"ಎಣ್ಣಿ ಬಿಟ್ಟಂಗನ. ಮೂಗಿಗೆ ಬಿಟ್ಟಿದ್ದು ಗಂಟಲಿಗೆ ಇಳದ ಮ್ಯಾಲ ಅಲ್ಲೇನು ಕೈ ತಗಿಯೂದು?"

ಎಣ್ಣೆ ಬಿಡುವುದಕ್ಕೆ ನಮ್ಮ ಕಡೆಯ ಲೆಕ್ಕ ಅದೇ. ಕೂಸು ಗುಟುಕ್ಕೆಂದು ನುಂಗಬೇಕು, ಆಗಲೇ ಮೂಗು ಬಿಚ್ಚಿತೆಂದು ಅರ್ಥ. ನನಗೂ ನನ್ನಜ್ಜಿ ಹಾಗೆಯೇ ಬಿಟ್ಟಿದ್ದಾಳು. ಎಣ್ಣೆಗೆ ಸಲ್ಲುವ ಲೆಕ್ಕವನ್ನು ಆಲ್ಫಾ ಮದ್ದಿಗೆ ಹಾಕಿದ್ದಳು ಗಂಗವ್ವ. ತಪ್ಪು ಅವಳದು, ಆದರೆ ಅವಳೊಬ್ಬಳದಲ್ಲ. ಅಂಗಡಿಯಲ್ಲಿ ಬಾಟಲಿ ಕೊಟ್ಟವನು ಮನೆಯಲ್ಲಿ ಕೂಸಿದೆಯೇ ಎಂದು ಕೇಳಲಿಲ್ಲ. ದೊಡ್ಡವರಿಗೆ ಮಾತ್ರ ಎಂದು ಅಂಥ ಬಾಟಲಿಯ ಮೇಲೆ ಬರೆದಿರುತ್ತದೆ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ. ಆ ಶೆಡ್ಡಿನಲ್ಲಿ ಕನ್ನಡ ಓದಬಲ್ಲವರೇ ಇರಲಿಲ್ಲ.

ಗಂಗವ್ವನಿಗೆ ವಿಷಯ ತಿಳಿಸಿ ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಎದ್ದು, ಸೀದಾ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. "ನಾ ಮಾಡೇನ್ರಿ ಸಾಹೇಬ್ರ. ನನ್ನ ಹಿಡದ ಒಯ್ಯಿರಿ. ಅಕಿ ಏನೂ ಮಾಡಿಲ್ಲ. ಕೂಸನ್ನ ಅಕಿ ಉಡಿಗೆ ಹಾಕ್ರಿ" ಎಂದು ಎರಡೂ ಕೈ ಮುಂದೆ ಚಾಚಿ ನಿಂತಳು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮೂಗಿನ ಹನಿ, ಆಲ್ಫಾ ಹಿಡಿಕೆ, ನಮ್ಮ ಮೊಲದ ಮರಿಗಳು ಜೋತುಬಿದ್ದದ್ದು, ತಣ್ಣಗಾದದ್ದು, ಮೊಲೆ ಬಿಟ್ಟದ್ದು.

ಅವರು ಕೇಳಿಸಿಕೊಂಡರು. ಆಮೇಲೆ ನಕ್ಕರು. "ಮೂಗಿಗೆ ಬಿಟ್ಟದ್ದರಿಂದ ಏನಾಗುತ್ತದೆ? ಅದೇನು ಹೊಟ್ಟೆಗೆ ಹಾಕಿದ್ದೇ? ಸರಿ, ನಿಮ್ಮ ಮೊಲಗಳ ಪಾಪೆಯೂ ಹೀಗೇ ಸಣ್ಣದಾಗಿತ್ತೇ?"

ನಮ್ಮ ಮರಿಗಳು ಕಣ್ಣೇ ಬಿಟ್ಟಿರಲಿಲ್ಲ, ಪಾಪೆ ನೋಡಿದವರಾರು? ನಾನು ತಡವರಿಸಿದ್ದನ್ನು ಕಂಡು ಅವರು, "ನೀವು ಅವರ ಕಡೆಯವರು, ಮರುಕ ಸಹಜ" ಎಂದು ಸಮಾಧಾನದ ಮಾತು ಬೇರೆ ಆಡಿದರು. ಮುಖಕ್ಕೆ ಉಗುಳಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

ಪ್ರೊಫೆಸರಿಗೆ ಫೋನ್ ಮಾಡೋಣವೆಂದರೆ ಮಳೆಗೆ ಲೈನು ಸತ್ತಿತ್ತು. ಇಳಿಜಾರಿನಲ್ಲಿ ಓಡಿ ಬಸ್ಸು ಹಿಡಿದು ಬೇತಿಗೆ ಬಂದರೆ ಹೊಳೆ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಫೆರ್ರಿ ಆಚೆ ದಡದಲ್ಲಿ ನಿಂತಿತ್ತು. ಮಳೆ ಕೊಂಚ ತಗ್ಗಿ ಅದು ಈಚೆ ಬರುವವರೆಗೆ ಜೆಟ್ಟಿಯ ಮೇಲೆ ನಿಂತು ಆ ಡಾಕ್ಟರಿಗೆ, ಆ ಅಂಗಡಿಯವನಿಗೆ, ಬಾಟಲಿಯ ಮೇಲೆ ಅಕ್ಷರ ಬರೆದವರಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಶಾಪ ಹಾಕಿದೆ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರಲ್ಲ, ನನ್ನ ದವಡೆ ನಿಜಕ್ಕೂ ನೋಯುತ್ತಿತ್ತು.

ಪ್ರೊಫೆಸರು ತಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿ, "ಡಾಕ್ಟರು ಹೇಳಿದ ಪಾಪೆಯ ಲಕ್ಷಣ ಇದಕ್ಕೂ ಹೊಂದುತ್ತದೆ. ಮಿದುಳಿನಲ್ಲಿ ಈ ಬಳಗದ ಮದ್ದು ಸೇರಿದರೆ ಎಳೆಯ ಕೂಸಿನ ಪಾಪೆ ಸಣ್ಣದಾಗುತ್ತದೆ. ಥೇಟ್ ಅಫೀಮಿನ ಹಾಗೆ" ಎಂದರು. ನನಗೆ ಹೋದ ಜೀವ ಬಂತು. "ಬನ್ನಿ ಸರ್, ಅದನ್ನೇ ಅವರಿಗೆ ಹೇಳಿ" ಎಂದೆ.

ಅವರು ಬಸಿ ಕೆಳಗಿಟ್ಟರು. "ನಾವು ಮಾಡಿದ್ದು ಮೊಲದ ಮೇಲೆ. ಮನುಷ್ಯರ ಸುದ್ದಿಗೆ ನಾವು ಹೋಗಬಾರದು. ಪೊಲೀಸು ಗಿಲೀಸು ಎನ್ನುತ್ತೀ. ಕಾಲೇಜಿನ ಹೆಸರು ಬೇರೆ."

"ಹಾಗಾದರೆ ಅಷ್ಟೊಂದು ಮರಿಗಳನ್ನು ಯಾತಕ್ಕೆ ಕೊಂದೆವು ಸರ್?" ಎಂದೆ. ಗಟ್ಟಿಯಾಗಿಯೇ ಎಂದಿರಬೇಕು, ಪಕ್ಕದ ಕೋಣೆಯ ಗುಮಾಸ್ತ ಇಣುಕಿ ನೋಡಿದ. "ಸಣ್ಣ ಕೂಸುಗಳಿಗೆ ಉಪಯೋಗವಾಗಲಿ ಅಂತ ತಾನೇ ನೀವು ಅರ್ಜಿಯಲ್ಲಿ ಬರೆದದ್ದು? ಕೂಸು ಅಲ್ಲಿ ಹೊಳೆಯ ಆಚೆ ಮಲಗಿದೆ. ಅದರ ತಾಯಿಯನ್ನು ಬಾಗಿಲ ಹೊರಗೆ ಕೂರಿಸಿದ್ದಾರೆ. ನೀವು ಬರದಿದ್ದರೆ ನಾಳೆಯಿಂದ ನಾನು ಸೂಜಿ ಮುಟ್ಟುವುದಿಲ್ಲ."

ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಗೂಟದ ಮೇಲಿನ ರೇನ್‌ಕೋಟು ತೆಗೆದು ಸ್ಕೂಟರಿನ ಕೀಲಿಗೆ ತಡಕಾಡಿದರು. ಫೆರ್ರಿಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಆಚೆ ದಡ ಬಂದಾಗ, "ಔಷಧಿ ಎಷ್ಟು ಹೊತ್ತಿಗೆ ಹೋಗಿದೆ ಎಂದು ಸರಿಯಾಗಿ ಕೇಳಿದ್ದೀಯಾ?" ಎಂದಷ್ಟೇ ವಿಚಾರಿಸಿದರು.

ಆಸ್ಪತ್ರೆಯಲ್ಲಿ ಪ್ರೊಫೆಸರು ಹೆಸರು ಹೇಳುತ್ತಲೇ ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಚಹಾ ತರಿಸಿದರು. ಪ್ರೊಫೆಸರು ಹೇಳಿದ್ದು ನಾನು ಬೆಳಿಗ್ಗೆ ಹೇಳಿದ್ದನ್ನೇ. ಅದೇ ಮೂಗು, ಅದೇ ಮೊಲ, ಅದೇ ಹಿಡಿಕೆ. ಮೇಲೆ ಪಾಪೆಯ ಒಂದು ಮಾತು ಹೆಚ್ಚಿಗೆ, ಅಷ್ಟೇ. ಡಾಕ್ಟರು ತಲೆದೂಗಿ ತಲೆದೂಗಿ "ಇಂಟರೆಸ್ಟಿಂಗ್, ವೆರಿ ಇಂಟರೆಸ್ಟಿಂಗ್" ಎಂದರು. ಬೆಳಿಗ್ಗೆ ನಗೆ ತರಿಸಿದ್ದು ಮಧ್ಯಾಹ್ನಕ್ಕೆ ಇಂಟರೆಸ್ಟಿಂಗ್ ಆಗಿತ್ತು. ನಾನು ಬಾಗಿಲ ಬಳಿ ನೀರು ಸುರಿಸುತ್ತ ನಿಂತಿದ್ದೆ. ನನಗೆ ಕೂರು ಎಂದವರಿಲ್ಲ.

"ಅಫೀಮಾಗಿದ್ದರೆ ಬೇರೆ ಮಾತು. ಇದಾಗಿದ್ದರೆ ಮದ್ದಿನ ಅಮಲು ಇಳಿಯುವವರೆಗೆ ಬೆಚ್ಚಗಿಟ್ಟು, ಉಸಿರು ನೋಡಿಕೊಂಡರೆ ತಾನೇ ಏಳಬೇಕು" ಎಂದರು ಪ್ರೊಫೆಸರು. ಡಾಕ್ಟರು ಪೊಲೀಸರಿಗೆ ಸದ್ಯ ಬರುವುದು ಬೇಡವೆಂದು ಆಳು ಕಳಿಸಿ ಹೇಳಿಸಿದರು. ಆದರೆ ಕೂಸು ಏಳುವತನಕ ತಾಯಿಯನ್ನು ಒಳಗೆ ಬಿಡಲು ಮಾತ್ರ ಒಪ್ಪಲಿಲ್ಲ. ಎದ್ದರೆ ನಂಬುತ್ತೇನೆ ಎಂದರು. ಪ್ರೊಫೆಸರು ಹೊರಟುಹೋದರು. ಗಂಗವ್ವ, ರೇಣವ್ವ, ನಾನು ಜಗಲಿಯಲ್ಲೇ ಉಳಿದೆವು. ರೇಣವ್ವ ಮೂಲೆಗೆ ತಿರುಗಿ ಕೂತು ಹಾಲನ್ನು ಹಿಂಡಿ ಮಳೆನೀರಿನ ಚರಂಡಿಗೆ ಚೆಲ್ಲುತ್ತಿದ್ದಳು. ಅದನ್ನು ನೋಡಲಾರದೆ ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೊಸೆ ಅತ್ತೆಗೆ ಒಂದು ಕೆಟ್ಟ ಮಾತು ಆಡಲಿಲ್ಲ. "ಅತ್ತಿ, ನೀವೂ ಮುಂಜಾನಿಂದ ಉಂಡಿಲ್ಲ, ಒಂದಿಷ್ಟು ಚಹಾರೆ ಕುಡೀರಿ" ಎಂದದ್ದು ಮಾತ್ರ ನನಗೆ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಅಳು ಕೇಳಿತು. ಮೊದಲು ಬೆಕ್ಕಿನಂತೆ ಕ್ಷೀಣವಾಗಿ, ಆಮೇಲೆ ದಿನಾ ಬೆಳಿಗ್ಗೆ ನನಗೆ ಬಸ್ಸಿನ ಹೊತ್ತು ಹೇಳುತ್ತಿದ್ದ ಅದೇ ಕಿರುಚಾಟ. ರೇಣವ್ವ ಯಾರನ್ನೂ ಕೇಳಲಿಲ್ಲ. ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ನರ್ಸು ಅಡ್ಡ ಬರಲು ಹೋಗಿ ಅವಳ ಮುಖ ನೋಡಿ ಪಕ್ಕಕ್ಕೆ ಸರಿದಳು. ಕೂಸು ಮೊಲೆ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅದರ ಎದೆಗೆ ಬೆರಳಿಟ್ಟು ನೋಡಿದೆ. ಪಟಪಟ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಮನೆಗೆ ಕಳಿಸಿದರು. ಅಫೀಮು ಎಂದದ್ದಕ್ಕೆ, ಹೊರಗೆ ಕೂರಿಸಿದ್ದಕ್ಕೆ, ಡಾಕ್ಟರು ಏನಾದರೂ ಹೇಳಿಯಾರು ಎಂದು ಕಾದೆ. ಅವರು ರೇಣವ್ವನಿಗೆ ಬೆರಳು ತೋರಿಸಿ, "ಇನ್ನು ಮುಂದೆ ಸಿಕ್ಕಿದ್ದನ್ನೆಲ್ಲ ಕೂಸಿಗೆ ಹಾಕಬೇಡ, ತಿಳೀತಾ?" ಎಂದರು. ಅಷ್ಟೇ ಅವರ ಕ್ಷಮಾಪಣೆ. ಅವಳು "ಆತ್ರಿ" ಎಂದು ತಲೆಬಾಗಿಸಿ ಬಂದಳು. ಬಾಗಿದ ಆ ತಲೆ ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮುಂದಿನ ವರ್ಷ ನಮ್ಮ ಮೊಲಗಳ ಮೇಲೆ ಪ್ರೊಫೆಸರು ಬರೆದ ಲೇಖನ ಅಚ್ಚಾಯಿತು. ಅದರಲ್ಲಿ ರೇಣವ್ವನ ಕೂಸಿನ ಸುದ್ದಿ ಇರಲಿಲ್ಲ, ಮನುಷ್ಯರ ವಿಷಯ ನಮಗೆ ಸಂಬಂಧಿಸಿದ್ದಲ್ಲವಲ್ಲ.

ಆಸ್ಪತ್ರೆಯಿಂದ ಏರು ಹತ್ತಿ ನಡೆದೇ ಬಂದೆವು. ಗಂಗವ್ವ ಮುಂದೆ, ನಾನೂ ರೇಣವ್ವನೂ ಹಿಂದೆ, ನನ್ನ ಕೊಡೆಯ ಕೆಳಗೆ. ಅರ್ಧ ದಾರಿಯಲ್ಲಿ ಅವಳು ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ಆಮೇಲೆ ಕೇಳಿದಳು.

"ನಿನ್ನಿ ಆ ದೊಡ್ಡ ಸಾಹೇಬ್ರು ಬಂದು ಅವರಿಗೆ ಏನ್ ಹೇಳಿದ್ರು ಅಕ್ಕಾರ?"

ಮೊಲದ ಮರಿಗಳಿಗೂ ಇದೇ ಔಷಧಿಯಿಂದ ಹೀಗೆಯೇ ಆಯಿತೆಂದು ಹೇಳಿದರು, ಅದಕ್ಕೆ ಡಾಕ್ಟರು ಒಪ್ಪಿದರು ಎಂದೆ.

"ಅಂದ್ರ ಅವರು ಮೊಲದ ಮಾತು ನಂಬಿದ್ರು. ನಾ ಹಡದಾಕಿ ಹೇಳಿದ್ದು ನಂಬಲಿಲ್ಲ. ಹೌದಲ್ರಿ?"

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಹೌದು ರೇಣವ್ವ" ಎಂದೆ. ಅವಳು ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು, ನನ್ನ ಕೊಡೆಯಿಂದ ಹೊರಗೆ ಹೆಜ್ಜೆಯಿಟ್ಟು, ಮಳೆಯಲ್ಲೇ ಮುಂದೆ ಮುಂದೆ ನಡೆದುಹೋದಳು.